ಮಳೆ ಹಿಡಿಯುವ ಮುಂಚೆ ಕಾರಿನ ಕೆಲಸ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ (ಆಲ್ದೂರು ಕಡೆಯ ಸದಸ್ಯೆ): ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಗೊಂಡೆವು. ಎಂಟು ವರ್ಷ ಹಳೆಯದು. ಓಡಿಸಲು ಬರುತ್ತದೆ, ಆದರೆ ಬಾನೆಟ್ ಎತ್ತಿದರೆ ಏನೂ ಗೊತ್ತಾಗುವುದಿಲ್ಲ. ಮನೆ ತೋಟದ ಒಳಗಿದೆ. ಸಣ್ಣ ಕೆಲಸಕ್ಕೂ ಚಿಕ್ಕಮಗಳೂರಿಗೇ ಬರಬೇಕು. ಜೂನ್ ಬಂತು ಅಂದರೆ ಮಳೆ ಬಿಡುವುದಿಲ್ಲ. ಅಷ್ಟರೊಳಗೆ ಏನೇನು ನಾನೇ ಕಲಿಯಬಹುದು? ಟೂಲ್ ಕಿಟ್ ತಗೊಳ್ಳಬೇಕಾ?

ಉತ್ತರ (ಮೆಕ್ಯಾನಿಕ್, ಚಿಕ್ಕಮಗಳೂರು): ಟೂಲ್ ಕಿಟ್ ಈಗಲೇ ಬೇಡ. ಒಂದು ಹಳೇ ಬನಿಯನ್ ಬಟ್ಟೆ, ಒಂದು ಟಾರ್ಚ್, ಕಾರಿನ ಮ್ಯಾನ್ಯುಯಲ್, ಇಷ್ಟು ಸಾಕು. ಮ್ಯಾನ್ಯುಯಲ್ ಕಳೆದಿದ್ದರೆ ಹೆಚ್ಚಿನ ಕಂಪನಿಗಳ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಮೊದಲ ತಿಂಗಳು ಏನನ್ನೂ ಬಿಚ್ಚಬೇಡಿ. ನೋಡುವುದನ್ನು ಮಾತ್ರ ಕಲಿಯಿರಿ. ನಿಮ್ಮ ಕಾರು ಚೆನ್ನಾಗಿರುವಾಗ ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆದರೆ, ಕೆಟ್ಟಾಗ ತಾನಾಗೇ ಗೊತ್ತಾಗುತ್ತದೆ.

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಆಯಿಲ್ ನೋಡಿ. ಡಿಪ್‌ಸ್ಟಿಕ್, ಅಂದರೆ ಇಂಜಿನ್‌ನಲ್ಲಿ ಎಣ್ಣೆ ಎಷ್ಟಿದೆ ಅಂತ ನೋಡುವ ಕಡ್ಡಿ, ಎಳೆಯಿರಿ, ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆಯಿರಿ. ಎಣ್ಣೆ ಎರಡು ಗುರುತಿನ ಮಧ್ಯೆ ಇರಬೇಕು. ಕಪ್ಪಗಿದೆ ಅಂತ ಹೆದರಬೇಡಿ, ಓಡಿದ ಎಣ್ಣೆ ಕಪ್ಪಾಗುವುದು ಸಹಜ. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ಮಾತ್ರ ಸ್ಟಾರ್ಟ್ ಮಾಡಬೇಡಿ, ಎಣ್ಣೆಗೆ ನೀರು ಸೇರಿದೆ ಅಂತ ಅರ್ಥ. ಎಣ್ಣೆ ಹಾಕುವ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಕೆನೆ ತರ ಅಂಟಿದ್ದರೆ ಅದು ಬೇರೆ. ಮಳೆಗಾಲದಲ್ಲಿ ಬರೀ ಹತ್ತಿರ ಹತ್ತಿರ ಓಡಿಸುವ ಕಾರುಗಳಲ್ಲಿ ಥಂಡಿಗೆ ಹಾಗಾಗುತ್ತದೆ. ಒಂದು ದಿನ ದೂರ ಓಡಿಸಿ, ಆಮೇಲೆ ನೋಡಿ.

ಕೂಲಂಟ್, ಅಂದರೆ ಇಂಜಿನ್ ತಂಪಾಗಿಡುವ ನೀರು, ಅದರ ಡಬ್ಬಿಯ ಮೇಲೂ ಎರಡು ಗೆರೆ ಇರುತ್ತವೆ. ಇಂಜಿನ್ ತಣ್ಣಗಿರುವಾಗಲೇ ನೋಡಿ. ಬಿಸಿ ಇದ್ದಾಗ ಮುಚ್ಚಳ ಮುಟ್ಟಲೇಬೇಡಿ. ಒಳಗಿನ ನೀರು 100 ಡಿಗ್ರಿ ದಾಟಿದ್ದರೂ ಒತ್ತಡ ಇರುವುದರಿಂದ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕೂಡಲೇ ಒತ್ತಡ ಇಳಿದು, ಅಷ್ಟೂ ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ. ಚಾರ್ಮಾಡಿ ಹತ್ತುವಾಗ ಕಾರು ಬಿಸಿಯಾಗಿ, ಹೀಗೆ ಕೈ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಅರ್ಧ ಗಂಟೆ ಕಾದಿದ್ದರೆ ಆಗುತ್ತಿರಲಿಲ್ಲ. ಕಮ್ಮಿಯಾಗಿದ್ದರೆ ಬೋರ್‌ವೆಲ್ ನೀರು ಹಾಕಬೇಡಿ, ಒಳಗೆ ಉಪ್ಪು ಕಟ್ಟುತ್ತದೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಕೂಲಂಟೇ ಹಾಕಿ.

ಟೈರ್ ಗಾಳಿ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಟೈರ್ ಮೇಲೆ ಅಚ್ಚಾಗಿರುವುದು ಆ ಟೈರ್ ತಡೆಯುವ ಗರಿಷ್ಠ ಒತ್ತಡ, ಅಷ್ಟು ತುಂಬಿಸಬಾರದು. ಟೈರ್ ಮೇಲಿನ ಗೀರುಗಳ ಆಳ 1.6 ಮಿಲಿಮೀಟರ್‌ಗಿಂತ ಕಮ್ಮಿ ಇರಬಾರದು ಅಂತ ಕಾನೂನು. ನಮ್ಮ ಮಳೆಗೆ ಅಷ್ಟು ಸವೆಯುವ ತನಕ ಕಾಯಬೇಡಿ, 3 ಮಿಲಿಮೀಟರ್‌ಗೆ ಬಂದಾಗಲೇ ಬದಲಾಯಿಸಿ. ವೈಪರ್ ರಬ್ಬರ್ ಬೇಸಿಗೆ ಬಿಸಿಲಿಗೆ ಗಟ್ಟಿಯಾಗಿರುತ್ತದೆ, ಹೊಸದನ್ನು ಮೇ ತಿಂಗಳಲ್ಲೇ ಹಾಕಿಸಿಬಿಡಿ.

ಆಲ್ದೂರು ಸದಸ್ಯೆ: ತುಂಬಾ ಥ್ಯಾಂಕ್ಸ್. ಎರಡು ದಿನ ಆಯಿಲ್ ನೋಡಿದೆ. ನಿನ್ನೆ ಮೇಲಿನ ಗುರುತು ದಾಟಿತ್ತು. ಇವತ್ತು ಕೆಳಗಿನ ಗುರುತಿಗೆ ಬಂದಿದೆ. ಒಂದೇ ದಿನದಲ್ಲಿ ಅಷ್ಟು ಎಣ್ಣೆ ಹೋಗುತ್ತದಾ?

ಉತ್ತರ: ನಿನ್ನೆ ಕಾರನ್ನು ಒಂದು ಕಡೆ ಮುಖ ಮಾಡಿ, ಇವತ್ತು ಇನ್ನೊಂದು ಕಡೆ ಮುಖ ಮಾಡಿ ನಿಲ್ಲಿಸಿದ್ದೀರಾ? ಮಲೆನಾಡಿನ ಅಂಗಳ ಇಳಿಜಾರು ಅಲ್ವಾ, ಎಣ್ಣೆ ಒಂದು ಬದಿಗೆ ವಾಲುತ್ತದೆ. ಕಾಫಿ ಒಣಗಿಸುವ ಸಿಮೆಂಟ್ ಕಣ ಇದ್ದರೆ ಅಲ್ಲಿ ನಿಲ್ಲಿಸಿ ನೋಡಿ. ಈಗ ಕಣ ಖಾಲಿಯೇ ಇರುತ್ತದೆ. ಪ್ರತಿ ಸಲ ಅದೇ ಜಾಗ, ಅದೇ ದಿಕ್ಕು. ಅಲ್ಲೂ ಕಮ್ಮಿ ಬಂದರೆ ಮಾತ್ರ ಎಣ್ಣೆ ಹಾಕಿ, ಅದೂ ಸ್ವಲ್ಪ ಸ್ವಲ್ಪ. ಜಾಸ್ತಿಯಾದರೂ ಇಂಜಿನ್‌ಗೆ ಒಳ್ಳೆಯದಲ್ಲ.

ಮೂಡಿಗೆರೆ ಸದಸ್ಯರು: ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಜೋರು ಮಳೆ ಬಂದ ಮಾರನೇ ದಿನ ಮುಂದಿನ ಎಡ ಸೀಟಿನ ಮ್ಯಾಟ್ ಕೆಳಗೆ ನೀರು. ಬಾಗಿಲಿನ ರಬ್ಬರ್ ಹೊಸದು ಹಾಕಿಸಿದೆ, ನಿಂತಿಲ್ಲ.

ಉತ್ತರ: ಸಿಲ್ವರ್ ಓಕ್ ಕೆಳಗೆ ನಿಲ್ಲಿಸುತ್ತೀರಾ? ಹಾಗಿದ್ದರೆ ರಬ್ಬರ್‌ಗೆ ದುಡ್ಡು ಹಾಕುವ ಮುಂಚೆ ಇದನ್ನು ನೋಡಬೇಕಿತ್ತು. ವೈಪರ್ ಬುಡದಲ್ಲಿ ಕಪ್ಪು ಪ್ಲಾಸ್ಟಿಕ್ ಜಾಲರಿ ಇದೆ. ಗಾಜಿನ ಮೇಲೆ ಬಿದ್ದ ನೀರು ಅದರ ಒಳಗೆ ಹೋಗಿ, ಎರಡೂ ಬದಿಯ ತೂತಿನಿಂದ ಚಕ್ರದ ಹಿಂದೆ ಕೆಳಗೆ ಬೀಳಬೇಕು. ಎಲೆ ಕೊಳೆತು ಆ ತೂತು ಮುಚ್ಚಿದರೆ ನೀರು ಅಲ್ಲೇ ತುಂಬುತ್ತದೆ. ಆಮೇಲೆ ಗಾಳಿ ಒಳಗೆ ಬರುವ ದಾರಿಯಲ್ಲೇ ಕಾರಿನೊಳಗೆ ಇಳಿಯುತ್ತದೆ. ಪ್ರತಿ ಮಳೆಗಾಲ ಈ ಕೇಸು ನನ್ನ ಹತ್ತಿರ ಬರುತ್ತಲೇ ಇರುತ್ತದೆ, ಅದೂ ತೋಟದ ಕಾರುಗಳೇ ಜಾಸ್ತಿ.

ಬಾನೆಟ್ ಎತ್ತಿ ಎಲೆಗಳನ್ನು ಕೈಯಿಂದಲೇ ತೆಗೆಯಿರಿ. ಕಂಬಿ ಹಾಕಿ ಚುಚ್ಚಬೇಡಿ, ಕೆಲವು ಕಾರುಗಳಲ್ಲಿ ಆ ಕೊಳವೆಯ ತುದಿ ರಬ್ಬರಿನದು, ಹರಿದುಹೋಗುತ್ತದೆ. ಆಮೇಲೆ ಅರ್ಧ ಚೊಂಬು ನೀರು ನಿಧಾನವಾಗಿ ಹುಯ್ಯಿರಿ. ಕೂಡಲೇ ಕೆಳಗೆ ಸುರಿದರೆ ಸರಿಯಾಯಿತು. ಸುರಿಯದಿದ್ದರೆ ಇನ್ನೂ ಕಟ್ಟಿಕೊಂಡಿದೆ. ಮ್ಯಾಟ್ ಕೆಳಗಿನ ನೀರು ಮಳೆ ಇಲ್ಲದ ದಿನ, ಎಸಿ ಹಾಕಿದಾಗ ಮಾತ್ರ ಬಂದರೆ ಎಸಿ ನೀರಿನ ಪೈಪ್ ಕಟ್ಟಿರುತ್ತದೆ. ಮುಟ್ಟಿದರೆ ಜಾರುವಂತಿದ್ದು ಸಿಹಿ ವಾಸನೆ ಬಂದರೆ ಅದು ಕೂಲಂಟ್, ತಡಮಾಡದೆ ಗ್ಯಾರೇಜ್‌ಗೆ ತನ್ನಿ. ಮತ್ತೆ, ಮ್ಯಾಟ್ ಒಣಗಿಸಿದರೆ ಸಾಲದು. ಕೆಳಗಿನ ಕಾರ್ಪೆಟ್ ಎತ್ತಿ ಒಣಗಿಸಿ. ಎಷ್ಟೋ ಕಾರುಗಳಲ್ಲಿ ವೈರಿಂಗ್ ಅದರ ಕೆಳಗೇ ಹೋಗಿರುತ್ತದೆ.

ಇನ್ನೊಬ್ಬ ಸದಸ್ಯರು: ಇಲಿಗೆ ಏನಾದರೂ ಉಪಾಯ ಇದೆಯಾ?

ಉತ್ತರ: ಇಂಜಿನ್ ಬೆಚ್ಚಗಿರುತ್ತದೆ, ಅದಕ್ಕೇ ಬರುತ್ತವೆ. ಕಾರಿನಲ್ಲಿ ತಿಂಡಿ ಪೊಟ್ಟಣ, ನಾಯಿ ಆಹಾರ ಬಿಡಬೇಡಿ. ಎರಡು ದಿನ ನಿಂತಿದ್ದ ಕಾರಾದರೆ ಬಾನೆಟ್ ಎತ್ತಿ ನೋಡಿಯೇ ಸ್ಟಾರ್ಟ್ ಮಾಡಿ. ವೈರ್ ಕಡಿದಿದ್ದರೆ ಟೇಪ್ ಸುತ್ತಿ ಓಡಿಸಬೇಡಿ.

ಆಲ್ದೂರು ಸದಸ್ಯೆ: ನಿನ್ನೆ ಸ್ಟೆಪ್ನಿ ಹಾಕುವುದನ್ನು ಪ್ರಾಕ್ಟೀಸ್ ಮಾಡಲು ಹೋದೆ. ಜಾಕ್ ಎತ್ತಿದ ಹಾಗೆಲ್ಲ ಕಾರು ಮೇಲೆ ಬರುವ ಬದಲು ಜಾಕೇ ಮಣ್ಣಿಗೆ ಇಳಿಯಿತು. ಭಯವಾಗಿ ಬಿಟ್ಟುಬಿಟ್ಟೆ.

ಉತ್ತರ: ಬಿಟ್ಟಿದ್ದು ಬಹಳ ಒಳ್ಳೆಯದಾಯಿತು. ನಾನು ಕೆಲಸ ಕಲಿಯುವಾಗ ಮಳೆಯಲ್ಲಿ, ತೋಟದ ದಾರಿಯಲ್ಲಿ ಒಂದು ಜೀಪು ಎತ್ತಿದ್ದೆವು. ಚಕ್ರ ಬಿಚ್ಚಿ ಪಕ್ಕಕ್ಕೆ ಇಟ್ಟ ಎರಡು ನಿಮಿಷಕ್ಕೆ ಜಾಕ್ ವಾಲಿತು, ಜೀಪು ಕೆಳಗೆ ಕೂತಿತು. ಯಾರ ಕೈಯೂ ಕೆಳಗಿರಲಿಲ್ಲ. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ.

ಗಟ್ಟಿ ಸಮ ನೆಲ ಬೇಕು, ನಿಮ್ಮ ಕಣವೇ ಆಗಬಹುದು. ದಾರಿಯಲ್ಲಿ ಪಂಕ್ಚರ್ ಆದರೆ ಅಂತ ಒಂದು ಅಡಿ ಅಗಲದ ದಪ್ಪ ಹಲಗೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ, ಜಾಕ್ ಅದರ ಮೇಲೆ ಕೂರಲಿ. ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರಿನಲ್ಲಿ ಬಿಟ್ಟು, ಬಿಚ್ಚುವ ಚಕ್ರಕ್ಕೆ ಎದುರು ಮೂಲೆಯ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲ ಮಾಡಿ. ಎತ್ತಿದ ಮೇಲೆ ಜೋರು ಮಾಡಲು ಹೋದರೆ ಕಾರು ಅಲುಗಾಡುತ್ತದೆ. ಜಾಕ್ ಎಲ್ಲಿ ಇಡಬೇಕು ಅಂತ ಮ್ಯಾನ್ಯುಯಲ್‌ನಲ್ಲಿ ಚಿತ್ರವೇ ಇದೆ. ಹಾಕುವಾಗ ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಕಾರು ಇಳಿಸಿದ ಮೇಲೆ ಕೊನೆಯ ಬಿಗಿ. ಸ್ವಲ್ಪ ದೂರ ಓಡಿಸಿ ಇನ್ನೊಮ್ಮೆ ಬಿಗಿ ನೋಡಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ, ತಲೆ ಯಾವತ್ತೂ ಹಾಕಬೇಡಿ. ಏನಾದರೂ ಬಿದ್ದರೂ ಕಾರು ಇಳಿಸಿಯೇ ತೆಗೆಯಿರಿ.

ಆಲ್ದೂರು ಸದಸ್ಯೆ: ಹಲಗೆ ಇಟ್ಟು ಕಣದಲ್ಲಿ ಮಾಡಿದೆ, ಬಂತು! 40 ನಿಮಿಷ ಹಿಡಿಯಿತು. ಇನ್ನು ಬ್ರೇಕ್ ಪ್ಯಾಡ್ ನಾನೇ ಹಾಕಬಹುದಾ? ವಿಡಿಯೋದಲ್ಲಿ ಸುಲಭ ಕಾಣುತ್ತದೆ. ಬ್ರೇಕ್ ಎಣ್ಣೆ ಕೂಡ ಸ್ವಲ್ಪ ಕಮ್ಮಿಯಾಗಿದೆ.

ಉತ್ತರ: ಬಹಳ ಖುಷಿಯಾಯಿತು. ಆದರೆ ಬ್ರೇಕ್ ಒಬ್ಬರೇ ಬಿಚ್ಚಬೇಡಿ. ಎಣ್ಣೆಯನ್ನೂ ಸುಮ್ನೆ ತುಂಬಿಸಬೇಡಿ. ಪ್ಯಾಡ್ ಸವೆದ ಹಾಗೆ ಡಬ್ಬಿಯಲ್ಲಿ ಎಣ್ಣೆ ಇಳಿಯುತ್ತದೆ, ಅಥವಾ ಎಲ್ಲೋ ಸೋರುತ್ತಿರುತ್ತದೆ. ಯಾವುದು ಅಂತ ನೋಡದೆ ತುಂಬಿಸಿದರೆ ಆ ಸೂಚನೆಯೇ ಮುಚ್ಚಿಹೋಗುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ತೇವ ಹೀರಿದ ಎಣ್ಣೆ ಘಾಟಿ ಇಳಿಯುವಾಗಿನ ಬಿಸಿಗೆ ಕುದಿದರೆ ಪೆಡಲ್ ನೆಲಕ್ಕೆ ಇಳಿಯುತ್ತದೆ. ಅದಕ್ಕೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸುವುದು. ಹಿಂದಿನವರು ಯಾವಾಗ ಬದಲಾಯಿಸಿದ್ದರು ಅಂತ ಗೊತ್ತಾ? ಗೊತ್ತಿಲ್ಲದಿದ್ದರೆ ಈ ಮಳೆಗೆ ಮುಂಚೆಯೇ ಮಾಡಿಸಿ.

ಕಾರು ಗ್ಯಾರೇಜ್‌ಗೆ ತನ್ನಿ. ಬೇರೆ ಕೆಲಸಕ್ಕೆ ದೂರ ಹೋಗಬೇಡಿ, ಪಕ್ಕದಲ್ಲೇ ನಿಲ್ಲಿ. ಎಡ ಚಕ್ರದ ಪ್ಯಾಡ್ ನಾನು ಬಿಚ್ಚಿ ತೋರಿಸುತ್ತೇನೆ. ಬಲ ಚಕ್ರ ನೀವು ಬಿಚ್ಚಿ, ನಾನು ನೋಡುತ್ತೇನೆ.

ಆಲ್ದೂರು ಸದಸ್ಯೆ: ಶನಿವಾರ ಬೆಳಿಗ್ಗೆ ಬರುತ್ತೇನೆ. ಸೆಕೆಂಡ್ ಗೇರಿನಲ್ಲೇ ನಿಧಾನಕ್ಕೆ ಬರಲಾ?

ಉತ್ತರ: ಇಳಿಜಾರಲ್ಲಿ ಮಾತ್ರ ಸೆಕೆಂಡ್, ಸಮ ರಸ್ತೆಯಲ್ಲಿ ಮಾಮೂಲಿ. ಹೊರಡುವ ಮುಂಚೆ ಅಂಗಳದಲ್ಲೇ ಒಂದೆರಡು ಸಲ ಬ್ರೇಕ್ ಒತ್ತಿ ನೋಡಿ. ಪೆಡಲ್ ಮೆತ್ತಗಿದ್ದರೆ, ಅಥವಾ ಡಬ್ಬಿಯಲ್ಲಿ ಎಣ್ಣೆ ಕೆಳಗಿನ ಗೆರೆಗಿಂತ ಇಳಿದಿದ್ದರೆ ಹೊರಡಲೇಬೇಡಿ, ಇಲ್ಲಿ ಹೇಳಿ. ನಾನೇ ಆ ಕಡೆ ಬರುತ್ತೇನೆ.