ಎರಡನೇ ಪಿಕ್ ಕೊಡಬಹುದು, ಮುಂದಿನ ವರ್ಷದ್ದು ಬೇಡ

ಪುಟ್ಟೀ, ನಮ್ಮ ಫುಟ್‌ಬಾಲ್ ಲೀಗ್‌ನಲ್ಲಿ ಭಾವನ ಜೊತೆ ಪಿಕ್ ಬದಲಿಸಿಕೊಳ್ಳಲಾ ಅಂತ ಕೇಳಿದ ನಿನ್ನ ಮೆಸೇಜ್ ನೋಡಿದೆ. ಟೈಪ್ ಮಾಡ್ತಾ ಕೂತರೆ ಮುಗಿಯಲ್ಲ, ಮಾತಲ್ಲೇ ಹೇಳುತ್ತೇನೆ. ಭಾವ, ನಿಮ್ಮ ಆಫರ್ ಬಗ್ಗೆಯೇ ಮಾತು, ನೀವೂ ಕೇಳಿಸಿಕೊಳ್ಳಿ. ಮುಚ್ಚುಮರೆ ಏನಿಲ್ಲ.

ಅತ್ತೆ, ಇದು ಅಮೆರಿಕದ ಫುಟ್‌ಬಾಲ್, ಅಲ್ಲಿನ ಎನ್‌ಎಫ್‌ಎಲ್ ಲೀಗ್. ನಾವು 12 ಜನ ಅದರ ಆಟಗಾರರನ್ನು ಸರದಿ ಪ್ರಕಾರ ನಮ್ಮ ನಮ್ಮ ಲೆಕ್ಕದ ಟೀಮ್‌ಗೆ ಆರಿಸಿಕೊಳ್ಳುತ್ತೇವೆ. ಹಾಗೆ ಆರಿಸುವುದಕ್ಕೆ ಡ್ರಾಫ್ಟ್ ಅಂತಾರೆ, ಒಂದೊಂದು ಸರದಿಗೆ ಪಿಕ್ ಅಂತಾರೆ. ಅವರು ಪ್ರತಿ ವಾರ ಆಡಿದ್ದಕ್ಕೆ ನಮಗೆ ಪಾಯಿಂಟ್. ಹೊಲ ಉಳುವವರು ಸಾಲಿನ ಕೊನೆ ಮುಟ್ಟಿ ಅಲ್ಲಿಂದಲೇ ತಿರುಗುತ್ತಾರಲ್ಲ, ನಮ್ಮ ಸರದಿಯೂ ಹಾಗೆಯೇ. ಅದಕ್ಕೇ ಪುಟ್ಟಿಗೆ 2 ಆದಮೇಲೆ ಸಿಗುವುದು 23, ಆಮೇಲೆ 26, 47, 50. ಭಾವ ಅವಳ 2 ಮತ್ತು 50 ಕೇಳಿ, ತಮ್ಮ 7 ಮತ್ತು 31 ಕೊಡುತ್ತೇನೆ ಅಂದಿದ್ದಾರೆ.

ಪುಟ್ಟೀ, ನನಗಂತೂ ಇದು ಒಳ್ಳೆಯ ಆಫರ್ ಅನ್ನಿಸುತ್ತದೆ. 2ರಿಂದ 7ಕ್ಕೆ, ನೀನು ಐದು ಸ್ಥಾನ ಕೆಳಗಿಳಿಯುತ್ತೀಯ. ಆದರೆ 50 ಹೋಗಿ 31 ಬರುತ್ತದೆ. ಮೊದಲ 31ರಲ್ಲಿ ನಾಲ್ಕು ಜನ ನಿನ್ನವರಾಗುತ್ತಾರೆ. ನಮ್ಮಲ್ಲಿ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಎರಡು, ಎಸೆದ ಚೆಂಡು ಹಿಡಿಯುವ ರಿಸೀವರ್ ಮೂರು, ಇಂಥವರಲ್ಲಿ ಯಾರನ್ನಾದರೂ ಹಾಕಬಹುದಾದ ಫ್ಲೆಕ್ಸ್ ಒಂದು ಆಡಿಸಬೇಕಲ್ವಾ? ನಾಲ್ವರಿಗೂ ಜಾಗ ಇದೆ, ಯಾರೂ ಸುಮ್ನೆ ಬೆಂಚಿನಲ್ಲಿ ಕೂರಲ್ಲ. 2024ರಲ್ಲಿ ಎಷ್ಟೋ ಲೀಗ್‌ಗಳಲ್ಲಿ ಮೊದಲ ಪಿಕ್ ಆಗಿದ್ದವನು ಕ್ರಿಸ್ಟಿಯನ್ ಮೆಕ್‌ಕ್ಯಾಫ್ರಿ. ಗಾಯವಾಗಿ ಇಡೀ ಸೀಸನ್ನಿನಲ್ಲಿ ಆಡಿದ್ದು ನಾಲ್ಕೇ ಮ್ಯಾಚ್. ಹಾಗಂತ 2023ರಲ್ಲಿ ಅವನೇ 21 ಟಚ್‌ಡೌನ್ ಹೊಡೆದಿದ್ದ, ಅದನ್ನೂ ಹೇಳಬೇಕು. ಒಬ್ಬನ ಮೇಲೇ ಎಲ್ಲ ಭಾರ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಚಿಕ್ಕಪ್ಪ, ನೀವು ಮೇಲೆ ಹಾಕಿರುವ ಜಿಮ್ಮಿ ಜಾನ್ಸನ್ ಪಟ್ಟಿ, ಅಂದರೆ ಯಾವ ಪಿಕ್‌ಗೆ ಎಷ್ಟು ಬೆಲೆ ಅಂತ ಪಾಯಿಂಟ್‌ನಲ್ಲಿ ಹೇಳುವ ಪಟ್ಟಿ, ನೋಡಿದೆ. ಅದರ ಪ್ರಕಾರ ಪುಟ್ಟಿ ಕೊಡುವುದು 3000 ಪಾಯಿಂಟ್, ಪಡೆಯುವುದು 2100. ಆದರೆ ಆ ಪಟ್ಟಿ ಇರುವುದು ಹೊಸ ಆಟಗಾರರನ್ನು ಹೀಗೇ ಡ್ರಾಫ್ಟ್‌ನಲ್ಲಿ ಆರಿಸುವ ನಿಜವಾದ ಎನ್‌ಎಫ್‌ಎಲ್ ಟೀಮ್‌ಗಳಿಗೆ. ಅವರಿಗೆ ಒಬ್ಬ ಆಟಗಾರ ವರ್ಷಗಟ್ಟಲೆ ಸಿಗುತ್ತಾನೆ. ನಮಗೆ ಒಂದೇ ಸೀಸನ್. ಅದನ್ನು ಇಲ್ಲಿಗೆ ತರುವುದು ಬೇಡ.

ನೀನು ಕೇಳಿದ ಇನ್ನೊಂದು ವಿಷಯ ಇದೆಯಲ್ಲ, 2 ಇಟ್ಟುಕೊಂಡೇ, ಮುಂದಿನ ವರ್ಷದ ಮೊದಲ ಸುತ್ತು ಕೊಟ್ಟು ಭಾವನ 7 ತಗೊಳ್ಳಲಾ ಅಂತ. ಅದು ಮಾತ್ರ ಖಂಡಿತ ಬೇಡ ಪುಟ್ಟೀ. 1999ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಟೀಮ್ ರಿಕಿ ವಿಲಿಯಮ್ಸ್ ಒಬ್ಬನಿಗಾಗಿ ಆ ವರ್ಷದ ತನ್ನೆಲ್ಲ ಪಿಕ್ ಕೊಟ್ಟಿತು. ಸಾಲದ್ದಕ್ಕೆ 2000ದ ಮೊದಲ ಮತ್ತು ಮೂರನೇ ಸುತ್ತಿನ ಪಿಕ್ಕನ್ನೂ ವಾಷಿಂಗ್ಟನ್ ಟೀಮ್‌ಗೆ ಕೊಟ್ಟಿತು. ಆ ಸೀಸನ್ನಿನಲ್ಲಿ ಗೆದ್ದದ್ದು ಮೂರು, ಸೋತದ್ದು ಹದಿಮೂರು. ಅಷ್ಟು ಸೋತದ್ದಕ್ಕೆ ಮುಂದಿನ ವರ್ಷ ಇಡೀ ಡ್ರಾಫ್ಟ್‌ನಲ್ಲಿ ಎರಡನೇ ಪಿಕ್ ಸೇಂಟ್ಸ್‌ಗೆ ಬರಬೇಕಿತ್ತು, ಅದು ವಾಷಿಂಗ್ಟನ್ ಪಾಲಾಯಿತು. ಕೋಚ್ ಮೈಕ್ ಡಿಟ್ಕಾ ಕೆಲಸವೂ ಹೋಯಿತು. ನಮ್ಮ ಲೀಗ್‌ನಲ್ಲೂ ಸೋತವರಿಗೇ ಮುಂದಿನ ವರ್ಷ ಮೊದಲ ಸರದಿ. ಈ ಸಲ ನಿನ್ನ ಟೀಮ್ ಸೋತರೆ, ಆ ಒಳ್ಳೆಯ ಪಿಕ್ ಭಾವನ ಮನೆಗೆ ಹೋಗುತ್ತದೆ!

ಈಗಲೇ ಹೂಂ ಅನ್ನಬೇಡ. ಡ್ರಾಫ್ಟ್‌ಗೆ ಮುಂಚೆ ಆಟಗಾರರಿಗೆ ಗಾಯ ಆಗಬಹುದು, ಪಿಕ್‌ಗೆ ಆಗಲ್ಲ. ಆ ದಿನ ಮೊದಲ ಪಿಕ್ ಹೋಗಲಿ, ಯಾರು ಉಳಿದರು ನೋಡು. ನಿನಗೆ ಬೇಕೇಬೇಕು ಅನ್ನಿಸುವವನು ಉಳಿದಿದ್ದರೆ ಅವನನ್ನೇ ತಗೋ. ಇಲ್ಲದಿದ್ದರೆ ಟ್ರೇಡ್ ಒಪ್ಪಿಕೋ. ಭಾವ, ಅಲ್ಲಿಯವರೆಗೆ ಆಫರ್ ಹಾಗೇ ಇಡುತ್ತೀರಾ? ಲೀಗ್ ನಡೆಸುವವರಿಗೂ ಮೊದಲೇ ತಿಳಿಸಿಡಿ. ಡ್ರಾಫ್ಟ್ ನಡೆಯುವಾಗ ಆಪ್‌ನಲ್ಲಿ ಪಿಕ್ ಬದಲಿಸಲು ಬರುತ್ತದಾ ಅಂತ ಅವರು ಈ ವಾರವೇ ನೋಡಿಬಿಡಲಿ.