ಮೂಲವಿಗ್ರಹಕ್ಕೊಂದು ಉತ್ಸವಮೂರ್ತಿ

“ನನಗೊಂದು ಕಾರು ಬೇಕು” ಎಂದು ಪ್ರಸನ್ನ ಕಾಫಿಯ ಲೋಟ ಕೆಳಗಿಟ್ಟಾಗ, ಜಯನಗರ ನಾಲ್ಕನೇ ಬ್ಲಾಕಿನ ದರ್ಶಿನಿಯ ಕಲ್ಲುಮೇಜಿನ ಸುತ್ತ ನಿಂತಿದ್ದ ನಾವು ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಇಟ್ಟುಕೊಂಡಿರುವ ಮನುಷ್ಯ, ಅದೂ 2020ರಲ್ಲಿ ಇಡೀ ದೇಶಕ್ಕೆ ಕೇವಲ 200 ಬಂದಾಗ ಅದರಲ್ಲೊಂದನ್ನು ಹಾರಿಸಿಕೊಂಡು ಬಂದವನು, ಕಾರು ಬೇಕೆನ್ನುವುದು ಮದುವೆಯ ಊಟಕ್ಕೆ ಕುಳಿತ ಮದುಮಗ ಒಳ್ಳೆಯ ಹೆಣ್ಣಿದ್ದರೆ ಹೇಳಿ ಎಂದಂತಿತ್ತು.

“ಇರುವ ಕಾರಿಗೇನಾಯಿತು ಮಾರಾಯ?” ಎಂದರು ಭಟ್ಟರು.

“ಏನೂ ಆಗಿಲ್ಲ ಭಟ್ಟರೇ. ಏನೂ ಆಗಬಾರದು ಎಂದೇ ಇನ್ನೊಂದು ಬೇಕು.”

ಆಮೇಲೆ ಅವನು ತನ್ನ ದುಃಖವನ್ನು ತೋಡಿಕೊಂಡ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಆ ಕಾರಿಗೆ ಬೇಕಾದದ್ದು 6.6 ಸೆಕೆಂಡು, ಬಿಟ್ಟರೆ 250ರವರೆಗೂ ಓಡುತ್ತದೆ. ಆದರೆ 2023ರಲ್ಲಿ ಟಾಮ್‌ಟಾಮ್ ಕಂಪನಿ ಅಳೆದು ಹೇಳಿದ ಪ್ರಕಾರ, ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿಲೋಮೀಟರ್ ಸಾಗಲು 28 ನಿಮಿಷ 10 ಸೆಕೆಂಡು ಹಿಡಿಯುತ್ತದೆ. ಇನ್ನು ರಸ್ತೆಯ ಉಬ್ಬುಗಳು. ರಸ್ತೆಗಳ ಅಳತೆ ನಿಗದಿ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದಲ್ಲಿ ಉಬ್ಬು ಎಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಹಾವಿನ ಬೆನ್ನಿನ ಹಾಗೆ ನಯವಾಗಿ ಏರಿ ಇಳಿಯುವಂಥದ್ದು. ನಮ್ಮ ಬೀದಿಯಲ್ಲಿರುವುದು ಯಾರೋ ರಾತ್ರೋರಾತ್ರಿ ಮಿಕ್ಕ ಡಾಂಬರು ಸುರಿದು, ಅದರ ಮೇಲೆ ಕುಳಿತು ಎದ್ದು ಹೋದಂತಿದೆ. ಹದಿನೆಂಟು ಅಂಗುಲದ ಚಕ್ರ, ಅದರ ಸುತ್ತ ಕೋಡುಬಳೆಯಷ್ಟು ದಪ್ಪದ ಟೈರು. ಒಂದೊಂದು ಉಬ್ಬನ್ನೂ ಅವನು ಬಾಗಿಲ ಬಳಿ ಕುಳಿತ ಅತ್ತೆಯನ್ನು ದಾಟುವ ಹೊಸ ಸೊಸೆಯ ಹಾಗೆ ಓರೆಯಾಗಿ, ಉಸಿರು ಬಿಗಿಹಿಡಿದು ದಾಟಬೇಕು.

“ಹೆದ್ದಾರಿಗೆ ಹೋಗು” ಎಂದ ಗುಂಡಣ್ಣ.

“ಮೈಸೂರಿನ ಹೊಸ ಹೆದ್ದಾರಿಯಲ್ಲಿ ಮಿತಿ ನೂರು. ಮೇಲೆ ಕ್ಯಾಮೆರಾ ಇದೆ. 130 ದಾಟಿದರೆ ಎಫ್‌ಐಆರ್ ಹಾಕುತ್ತಾರೆ. 245 ಕುದುರೆ ಕಟ್ಟಿಕೊಂಡು ಸಾಲದ ಕಂತಿನ ಜೊತೆಗೆ ದಂಡದ ಕಂತನ್ನೂ ಕಟ್ಟಲೇ?”

ನನಗೆ ಆಗ ಎಲ್ಲವೂ ಸ್ಪಷ್ಟವಾಯಿತು. “ಪ್ರಸನ್ನಾ, ನೀನು ತಂದಿರುವುದು ಕಾರಲ್ಲ, ಮೂಲವಿಗ್ರಹ. ಅದು ಗರ್ಭಗುಡಿ ಬಿಟ್ಟು ಕದಲುವ ಹಾಗಿಲ್ಲ. ಬೀದಿಯಲ್ಲಿ ತಿರುಗಲು, ಬಿಸಿಲು ಮಳೆ ಧೂಳು ತಿನ್ನಲು, ಭಕ್ತರ ಕೈ ಮೈ ತಾಗಿಸಿಕೊಳ್ಳಲು ದೇವಸ್ಥಾನಗಳಲ್ಲಿ ಸಾಮಾನ್ಯವಾಗಿ ಬೇರೆಯದೇ ಒಂದು ಉತ್ಸವಮೂರ್ತಿ ಇರುತ್ತದೆ. ನೀನು ಅದನ್ನು ಹುಡುಕುತ್ತಿದ್ದೀಯೆ.”

ಭಟ್ಟರು ಕಿಸಕ್ಕನೆ ನಕ್ಕರು. ನಕ್ಕವರ ಮುಂದೆ ಮಾತು ನಿಲ್ಲಿಸುವ ಸ್ವಭಾವ ನನ್ನದಲ್ಲ. ಪ್ರತಿ ಶನಿವಾರ ಅವನು ಕಾರಿಗೆ ಮಾಡುವುದು ಅಭಿಷೇಕ. ಮೇಲೆ ಹೊದಿಸುವ ಬೂದುಬಣ್ಣದ ಕವರು ಪೀತಾಂಬರ. ಹುಡುಕಿಕೊಂಡು ಹೋಗಿ ಹಾಕಿಸುವ 95 ಆಕ್ಟೇನ್ ಪೆಟ್ರೋಲು ನೈವೇದ್ಯ. ಸರ್ವೀಸಿನ ಬಿಲ್ಲು ಹುಂಡಿ, ಆದರೆ ಈ ಹುಂಡಿಯಲ್ಲಿ ಕಾಣಿಕೆ ಹಾಕುವ ಭಕ್ತನೂ ಅವನೇ, ಬರಿಗೈಯಲ್ಲಿ ಉಳಿಯುವ ಅರ್ಚಕನೂ ಅವನೇ. ಭಾನುವಾರ ಬೆಳಗಿನ ಐದು ಗಂಟೆಗೆ, ಊರು ಏಳುವ ಮೊದಲು, ಕವರು ತೆಗೆದು ಒಂದು ಸುತ್ತು ಹೋಗಿ ಬರುವುದೇ ವೈಕುಂಠ ಏಕಾದಶಿ. ಆ ಹೊತ್ತು ತಪ್ಪಿದರೆ ಮುಂದಿನ ವಾರದವರೆಗೆ ಬಾಗಿಲು ತೆರೆಯುವುದಿಲ್ಲ.

“ನಗಬೇಡಿ, ತೆರಿಗೆಯೇ ಎಷ್ಟು ಕಟ್ಟಿದ್ದೇನೆ ಗೊತ್ತೇ?” ಎಂದ ಪ್ರಸನ್ನ. ಬೆಲೆ ಇಪ್ಪತ್ತು ಲಕ್ಷ ದಾಟಿದರೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ನೂರಕ್ಕೆ 18. ಮೂವತ್ತಾರು ಲಕ್ಷದ ಕಾರಿಗೆ ಆರೂವರೆ ಲಕ್ಷದ ಹತ್ತಿರ ಬರುತ್ತದೆ.

“ಆ ತೆರಿಗೆಯ ದುಡ್ಡಿಗೇ ಒಂದು ವ್ಯಾಗನ್ ಆರ್ ಬರುತ್ತಿತ್ತು. ಸರ್ಕಾರ ನಿನ್ನಿಂದ ಒಂದು ಉತ್ಸವಮೂರ್ತಿಯನ್ನು ಮೊದಲೇ ವಸೂಲು ಮಾಡಿಕೊಂಡಿದೆ” ಎಂದೆ.

ಗುಂಡಣ್ಣನಿಗೆ ವ್ಯಾಗನ್ ಆರ್ ಎಂಬ ಹೆಸರೇ ಸಹಿಸಲಿಲ್ಲ. ಕಾರು ಎಂದರೆ ಎತ್ತರವಿರಬೇಕು, ಎಸ್‌ಯುವಿಯೇ ಆಗಬೇಕು, ನೆತ್ತಿಯ ಮೇಲೆ ಸನ್‌ರೂಫ್ ಇರಬೇಕು ಎನ್ನುವುದು ಅವನ ಸಿದ್ಧಾಂತ. ಈ ಸನ್‌ರೂಫಿನ ಗೀಳು ನನಗೆ ಇಂದಿಗೂ ಅರ್ಥವಾಗಿಲ್ಲ. ನಮ್ಮ ಹಿರಿಯರು ಸಾಲ ಮಾಡಿ ಮನೆಗೆ ತಾರಸಿ ಹಾಕಿಸಿದ್ದು ಸೂರ್ಯನಿಂದ ತಪ್ಪಿಸಿಕೊಳ್ಳಲು. ಅವರ ಮೊಮ್ಮಕ್ಕಳು ಹೆಚ್ಚಿನ ಹಣ ಕೊಟ್ಟು ಆ ತಾರಸಿಯಲ್ಲಿ ತೂತು ಮಾಡಿಸಿಕೊಳ್ಳುತ್ತಾರೆ.

“ಆಕಾಶ ಕಾಣುತ್ತದೆ ಕಣಯ್ಯ” ಎಂದ ಗುಂಡಣ್ಣ.

“ಪ್ರಸನ್ನನ ಕಚೇರಿಯಿರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ ಕೆಳಗೆ ರಸ್ತೆ, ಅದರ ಮೇಲೆ ಮೇಲ್ಸೇತುವೆ, ಅದರ ಮೇಲೆ ಮೆಟ್ರೋ. ಕೆಳಗಿನ ರಸ್ತೆಯಲ್ಲಿ ಸನ್‌ರೂಫ್ ತೆರೆದರೆ ಇವನಿಗೆ ಕಾಣುವುದು ಸೇತುವೆಯ ಹೊಟ್ಟೆ. ಅದನ್ನು ನೋಡಲು ಲಕ್ಷ ರೂಪಾಯಿ ಕೊಡಬೇಕೆ? ಕಿಟಕಿಯಿಂದಲೇ ಕತ್ತು ಚಾಚಿದರೆ ಪುಕ್ಕಟೆಯಾಗಿ ಕಾಣುತ್ತದೆ.”

ಭಟ್ಟರು ಅಷ್ಟರಲ್ಲಿ ಟಿಶ್ಯೂ ಕಾಗದದ ಮೇಲೆ ಲೆಕ್ಕ ಹಾಕತೊಡಗಿದ್ದರು. ಪೆಟ್ರೋಲಿನದು, ಸಿಎನ್‌ಜಿಯದು, ಬ್ಯಾಟರಿಯದು ಎಂದು ಮೂರು ಅಂಕಣ ಮಾಡಿ, ಚಾರ್ಜಿಂಗಿನ ತಂತಿ ಎಳೆಯಲು ಅಪಾರ್ಟ್‌ಮೆಂಟಿನ ಸಂಘ ಒಪ್ಪುವುದೇ ಎಂಬಲ್ಲಿಗೆ ಬಂದು ಬ್ಯಾಟರಿಯ ಅಂಕಣವನ್ನು ಹೊಡೆದುಹಾಕಿದರು. ಆಮೇಲೆ ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಪಂಚಾಂಗ ಮಡಚಿದ ಜೋಯಿಸರ ಗಾಂಭೀರ್ಯದಿಂದ ಹೇಳಿದರು: “ಅಲ್ಲ ಪ್ರಸನ್ನ, ಮನೆಯಿಂದ ಆರ್.ವಿ. ರಸ್ತೆಯ ನಿಲ್ದಾಣಕ್ಕೆ ನಡೆದರೆ ಹತ್ತು ನಿಮಿಷ. 2025ರ ಆಗಸ್ಟಿನಿಂದ ಅಲ್ಲಿಂದ ಎಲೆಕ್ಟ್ರಾನಿಕ್ ಸಿಟಿಗೆ ಹಳದಿ ಮಾರ್ಗದ ಮೆಟ್ರೋ ಓಡುತ್ತಿದೆ. ದಿನ ಬಳಸುವ ವಾಹನವನ್ನು ಸರ್ಕಾರವೇ ನಿನ್ನ ಮನೆಬಾಗಿಲಿಗೆ ತಂದು ನಿಲ್ಲಿಸಿರುವಾಗ ನಿನಗೆ ಎರಡನೆಯ ಕಾರು ಯಾಕೆ?”

ಇದಕ್ಕೆ ನನ್ನ ಬಳಿಯೂ ಉತ್ತರವಿರಲಿಲ್ಲ. ತೆರಿಗೆಯಲ್ಲಿ ವಸೂಲಾದ ಉತ್ಸವಮೂರ್ತಿ ಹಳದಿ ಪಟ್ಟಿ ಬಳಿದುಕೊಂಡು ಹೀಗೆ ಹಿಂದಿರುಗಬಹುದು ಎಂದು ನನಗೆ ಹೊಳೆದಿರಲಿಲ್ಲ.

ಪ್ರಸನ್ನ ಲೋಟವನ್ನು ಮೇಜಿನ ಮೇಲೆ ಎರಡು ಸುತ್ತು ತಿರುಗಿಸಿದ. “ಕಚೇರಿಗೆ ನಾನು ಮೆಟ್ರೋದಲ್ಲೇ ಹೋಗುತ್ತಿದ್ದೇನೆ. ಕಾರು ಬೇಕಾಗಿರುವುದು ಅಪ್ಪನಿಗೆ.”

ಆ ತಗ್ಗಿನ ಆಸನದಲ್ಲಿ ಕುಳಿತರೆ ಎಪ್ಪತ್ತೊಂಬತ್ತರ ಆ ಮೊಣಕಾಲುಗಳು ಮತ್ತೆ ಏಳಲು ಒಪ್ಪುವುದಿಲ್ಲವಂತೆ. ಹೋದ ತಿಂಗಳು ಆಸ್ಪತ್ರೆಯ ಬಾಗಿಲಲ್ಲಿ ಇವನು ಒಂದು ಕೈ, ಕಾವಲುಗಾರ ಒಂದು ಕೈ ಹಿಡಿದು ಎಳೆದಾಗ ಅವರು, “ಬಾವಿಯಿಂದ ಕೊಡ ಸೇದಿದ ಹಾಗೆ ಸೇದುತ್ತೀಯಲ್ಲೋ” ಎಂದರಂತೆ. ಅಂದಿನಿಂದ ಎಲ್ಲಿಗೆ ಹೊರಟರೂ, ಮಗನಿಗೆ ಹೇಳದೆ ಆಟೋ ಕರೆಸಿಕೊಳ್ಳುತ್ತಾರೆ.

ಪ್ರಸನ್ನನ ಅಪ್ಪ ನಮಗೆಲ್ಲ ಮೇಷ್ಟ್ರು. ಗಣಿತ ಕಲಿಸಿದವರು. 1975ರಲ್ಲಿ ಬಜಾಜ್ ಚೇತಕ್ಕಿಗೆ ಹಣ ಕಟ್ಟಿ, ಅದು ಮನೆಗೆ ಬಂದದ್ದು 1982ರಲ್ಲಿ. ಸ್ಕೂಟರು ಬರುವ ಹೊತ್ತಿಗೆ ಅದರ ಮುಂದೆ ನಿಲ್ಲಲು ಪ್ರಸನ್ನ ಹುಟ್ಟಿ ಏಳು ವರ್ಷದವನಾಗಿದ್ದ. ಮುಂದೆ ನಿಂತವನು ಅವನು, ಹಿಂದೆ ಮೇಷ್ಟ್ರ ಸೊಂಟ ಹಿಡಿದು ಕುಳಿತವನು ನಾನು, ನಡುವೆ ಕೆಲವೊಮ್ಮೆ ಅಕ್ಕಿಯ ಚೀಲ. ಶಾಲೆಗೂ ಅದೇ, ಮದುವೆಮನೆಗೂ ಅದೇ, ಗ್ಯಾಸ್ ಸಿಲಿಂಡರಿಗೂ ಅದೇ. ಮೂಲವೂ ಅದೇ, ಉತ್ಸವವೂ ಅದೇ. ಆ ದೇವರಿಗೆ ದಿನದ ಪೂಜೆಯೆಂದರೆ ಬೆಳಿಗ್ಗೆ ಬಲಗಾಲಿನಲ್ಲಿ ಒಂದು ಒದೆ. ಈಗ ಆ ಬಲಗಾಲೇ ಏಳುವುದಿಲ್ಲ.

ಗುಂಡಣ್ಣ ಕೂಡ ಸನ್‌ರೂಫಿನ ಮಾತೆತ್ತಲಿಲ್ಲ. “ಎಸ್‌ಯುವಿಯಾದರೆ ಹತ್ತುವಾಗ ಕಷ್ಟವಾದೀತೇನೋ” ಎಂದು ತಾನೇ ಗೊಣಗಿದ. ಅವನ ಜೀವಮಾನದಲ್ಲಿ ಅವನು ಬಿಟ್ಟುಕೊಟ್ಟ ಮೊದಲ ವಾದ ಅದು.

ಭಟ್ಟರು ಟಿಶ್ಯೂ ಕಾಗದದ ಹಿಂಬದಿಗೆ ಮೂರು ಆಸನಗಳ ಚಿತ್ರ ಬರೆದರು. ಕೆಳಗಿಳಿದು ಕೂರುವುದೊಂದು, ಏರಿ ಕೂರುವುದೊಂದು, ಇಳಿಯದೆ ಏರದೆ ಕುರ್ಚಿಯಲ್ಲಿ ಕೂತಂತೆ ಕೂರುವುದೊಂದು. ಈ ಮೂರನೆಯದೇ ವ್ಯಾಗನ್ ಆರ್. 1993ರಲ್ಲಿ ಜಪಾನಿನಲ್ಲಿ ಸುಜುಕಿಯವರು ವ್ಯಾಗನ್ ಆರ್ ತಂದಾಗ ಕಾರು ಚಿಕ್ಕದಾಗಿಯೇ ಉಳಿಯಿತು, ಮಾಡು ಮಾತ್ರ ಎತ್ತರಕ್ಕೆ ಹೋಯಿತು. ನಮ್ಮಲ್ಲಿಗೆ 1999ರಲ್ಲಿ ಬಂದಾಗ ಪೆಟ್ಟಿಗೆಯ ಹಾಗಿದೆ ಎಂದು ನಕ್ಕವರಲ್ಲಿ ನಾನೂ ಒಬ್ಬ. ಪೆಟ್ಟಿಗೆಯಾದರೇನು, ತಲೆ ಬಗ್ಗಿಸದೆ ಒಳಗೆ ಹೋಗಬಹುದಾದ ಪೆಟ್ಟಿಗೆ.

ಮರುವಾರ ಷೋರೂಮಿನಿಂದ ಓಡಿಸಿ ನೋಡಲು ಬಂದ ಕಾರಿನಲ್ಲಿ ಮೇಷ್ಟ್ರನ್ನು ಮುಂದೆ ಕೂರಿಸಿ, ನಾವು ಮೂವರು ಹಿಂದೆ ಇಕ್ಕಟ್ಟಾಗಿ ಕುಳಿತು ನಾಲ್ಕನೇ ಬ್ಲಾಕನ್ನು ಒಂದು ಸುತ್ತು ಹಾಕಿದೆವು. ಒಂದೇ ಒಂದು ಉಬ್ಬಿನ ಮುಂದೆಯೂ ಪ್ರಸನ್ನ ಓರೆ ಮಾಡಲಿಲ್ಲ. ಮನೆಯ ಮುಂದೆ ನಿಲ್ಲಿಸಿದಾಗ ಮೇಷ್ಟ್ರು ಬಾಗಿಲು ತೆರೆದು, ಒಂದು ಕಾಲು ಹೊರಗಿಟ್ಟು, ಇನ್ನೊಂದು ಕಾಲು ಹೊರಗಿಟ್ಟು, ನಮ್ಮ ಯಾರ ಕೈಯನ್ನೂ ಕೇಳದೆ ಎದ್ದು ನಿಂತರು. ಕವರು ಹೊದ್ದು ಮೂಲೆಯಲ್ಲಿದ್ದ ಮೂಲವಿಗ್ರಹದ ಕಡೆಗೆ ಒಮ್ಮೆ ನೋಡಿ, ಮಗನತ್ತ ತಿರುಗಿದರು.

“ಹಣ ಕಟ್ಟಿದರೆ ಎಷ್ಟು ವರ್ಷಕ್ಕೆ ಬರುತ್ತದಂತೆ?”

“ಹದಿನೈದು ದಿನಕ್ಕೆ ಬರುತ್ತದೆ ಅಪ್ಪ.”

ಮೇಷ್ಟ್ರು ನಂಬಿಕೆಯಿಲ್ಲದೆ ಮತ್ತೊಮ್ಮೆ ಕಾರಿನ ಮಾಡನ್ನು ಅಂಗೈಯಿಂದ ತಟ್ಟಿ ನೋಡಿದರು. “ಅಷ್ಟು ಬೇಗ ಕೊಡುತ್ತಾರೆಂದರೆ, ಯಾರಿಗೂ ಬೇಡವಾದ ಗಾಡಿಯೇನೋ. ಸರಿಯಾಗಿ ವಿಚಾರಿಸು.”