ಸಹಾಯ ಬೇಕು: ಯೆಜ್ಡಿ ಪಿಸ್ಟನ್, ಹೆಡ್ ಮೇಲಿನ ಗಟ್ಟಿ ಕಾರ್ಬನ್ ಬಿಡಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಐಡಿಯಲ್ ಜಾವಾ ಕಂಪನಿ ಕಾಲದ ಯೆಜ್ಡಿ ರೋಡ್‌ಕಿಂಗ್ ಬೈಕಿನ ಎಂಜಿನ್ ಬಿಚ್ಚಿದೆ. ಪೆಟ್ರೋಲಿನ ಜೊತೆ ಆಯಿಲೂ ಉರಿಯುವ ಟೂ ಸ್ಟ್ರೋಕ್ ಆದ್ದರಿಂದ ಹೆಡ್ಡಿನ ಒಳಮೈ, ಪಿಸ್ಟನ್ ತಲೆ, ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟು ಎಲ್ಲ ಕಡೆ ಸುಟ್ಟ ಆಯಿಲ್ ಕಲ್ಲಿನಂತೆ ಕೂತಿದೆ. ರಾತ್ರಿಯಿಡೀ ಡೀಸೆಲ್‌ನಲ್ಲಿ ನೆನೆಸಿ ಬ್ರಶ್ ಹಾಕಿದಾಗ ಜಿಡ್ಡು ಹೋಯಿತು, ಕೆಳಗಿನ ಪದರ ಅಲುಗಲಿಲ್ಲ. ಕಾರ್ಬೊರೇಟರ್ ಕ್ಲೀನರ್ ಹೊಡೆದು ಬಿದಿರಿನ ಚಕ್ಕೆಯಿಂದ ಕೆರೆದರೆ ಪಿಸ್ಟನ್ ತಲೆ ನಿಧಾನಕ್ಕೆ ಬಿಳಿಯಾಗುತ್ತಿದೆ. ರಿಂಗ್ ಗ್ರೂವ್ (ಪಿಸ್ಟನ್ ಸುತ್ತ ರಿಂಗ್ ಕೂರುವ ಸಂದಿ) ಮಾತ್ರ ಕ್ಲೀನಾಗುತ್ತಿಲ್ಲ. ಹಳೇ ರಿಂಗ್ ಮುರಿದು ಆ ತುಂಡಿನಿಂದ ಕೆರೆಯುವ ಪದ್ಧತಿ ಗೊತ್ತು, ಆದರೆ ಗ್ರೂವಿನ ಅಂಚಿಗಾಗಲಿ ರಿಂಗ್ ತಿರುಗದಂತೆ ಹಿಡಿಯುವ ಪಿನ್ನಿಗಾಗಲಿ ಪೆಟ್ಟಾಗಬಾರದು. ಪಿನ್ ಸಡಿಲವಾದರೆ ರಿಂಗ್ ತಿರುಗಿ ಪೋರ್ಟಿಗೆ ಸಿಕ್ಕಿಕೊಳ್ಳುತ್ತದೆ.

ದಯವಿಟ್ಟು ಕಾಸ್ಟಿಕ್ ಸೋಡಾ ಹೇಳಬೇಡಿ, ಅದು ಅಲ್ಯೂಮಿನಿಯಂ ಅನ್ನೇ ತಿಂದು ಹೈಡ್ರೋಜನ್ ಬಿಡುತ್ತದೆ. ಮರಳನ್ನು ಜೋರಾಗಿ ಹೊಡೆಯುವ ಸ್ಯಾಂಡ್ ಬ್ಲಾಸ್ಟಿಂಗೂ ಬೇಡ. ಸಂದಿಯಲ್ಲಿ ಉಳಿದ ಮರಳು ಆಮೇಲೆ ಬೋರು (ಸಿಲಿಂಡರಿನ ಒಳಗೋಡೆ), ಬೇರಿಂಗು ಎರಡನ್ನೂ ಕೆಡಿಸುತ್ತದೆ.

ಅಲ್ಟ್ರಾಸಾನಿಕ್ ಟ್ಯಾಂಕ್ (ಶಬ್ದದ ಕಂಪನದಿಂದ ತೊಳೆಯುವ ತೊಟ್ಟಿ) ಬಳಸುವವರು ಹೇಳಿ: 60 ಡಿಗ್ರಿ ಬಿಸಿಯಲ್ಲಿ ಯಾವ ಡಿಟರ್ಜೆಂಟ್, ಲೀಟರಿಗೆ ಎಷ್ಟು, ಎಷ್ಟು ನಿಮಿಷ ಇಟ್ಟರೆ ಅಲ್ಯೂಮಿನಿಯಂ ಕಪ್ಪಾಗುವುದಿಲ್ಲ? ಮೈಸೂರು, ಬೆಂಗಳೂರು ಕಡೆ ಅಡುಗೆ ಸೋಡಾ ಬ್ಲಾಸ್ಟಿಂಗ್ ಅಥವಾ ವೇಪರ್ ಬ್ಲಾಸ್ಟಿಂಗ್ (ನೀರಿನ ಜೊತೆ ನುಣ್ಣನೆ ಪುಡಿ ಹೊಡೆದು ಕ್ಲೀನ್ ಮಾಡುವುದು) ಮಾಡುವ ವರ್ಕ್‌ಶಾಪ್ ಗೊತ್ತಿದ್ದರೆ ಅದನ್ನೂ ತಿಳಿಸಿ. ಕೆಲಸ ಮುಗಿದ ಪಿಸ್ಟನ್ ಫೋಟೋ ಹಾಕಿದರೆ ಇನ್ನೂ ಉಪಕಾರ.